ಜೂಲಿಗೆ ಎಷ್ಟು ಖರ್ಚು ಮಾಡಬೇಕಿತ್ತು? ಪಾಂಡವಪುರದ ಒಂದು ಮನೆಯ ಪ್ರಕರಣ

ನಾಯಿ ಹೆಣ್ಣು ಲ್ಯಾಬ್ರಡಾರ್. ಹೆಸರು ಜೂಲಿ, ವಯಸ್ಸು ಎಂಟು, ತೂಕ 31 ಕಿಲೋ. ಮರಿ ಹಾಕಿಲ್ಲ, ಸಂತಾನಹರಣ ಆಪರೇಷನ್ನೂ ಆಗಿರಲಿಲ್ಲ. ಇರುವುದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ವಿ.ಸಿ. ನಾಲೆ ನೀರು ನಂಬಿದ ರೈತರ ಮನೆ. ಎರಡು ಎಕರೆ ಕಬ್ಬು, ಒಂದಿಷ್ಟು ಭತ್ತ, ಎರಡು ಸೀಮೆಹಸು.

ಜೂಲಿ ಹಳ್ಳಿಯಲ್ಲಿ ಬೆಳೆದ ನಾಯಿ ಅಲ್ಲ. ಮನೆಯ ಮಗ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮರಿಯಾಗಿ ತಂದದ್ದು. ಆಮೇಲೆ ಮದುವೆಯಾಯಿತು, ಮಗುವಾಯಿತು, ಹೂಟಗಳ್ಳಿಯಲ್ಲಿ ಬಾಡಿಗೆ ಮನೆ ಬದಲಾಯಿತು. ಹೊಸ ಓನರ್ ನಾಯಿ ಬೇಡ ಅಂದರು. ಜೂಲಿ ಊರು ಸೇರಿತು. ಅಲ್ಲಿಂದ ಈಚೆಗೆ ಅಪ್ಪ, ಅವ್ವನೇ ಸಾಕುತ್ತಿದ್ದಾರೆ. ಮಗ ತಿಂಗಳಿಗೊಮ್ಮೆ ಬಂದಾಗ ಒಂದು ಚೀಲ ಪೆಡಿಗ್ರಿ ತರುತ್ತಾನೆ. ಅದು ಮುಗಿದ ಮೇಲೆ ಅನ್ನ, ಮೊಸರು, ರಾಗಿ ಅಂಬಲಿ.

ಈ ವಿವರ ಯಾಕೆ ಮುಖ್ಯ ಅಂದರೆ, ಮುಂದೆ ಬಂದ ಜಗಳದಲ್ಲಿ ನಾಯಿ ಯಾರದ್ದು ಅನ್ನುವುದೇ ಇತ್ಯರ್ಥ ಆಗಲಿಲ್ಲ. ದುಡ್ಡು ಮಗನದ್ದು, ಕೈ ಅಪ್ಪನದ್ದು.

ನಾನು ಈ ಮನೆಗೆ ದೂರದ ನೆಂಟ, ಮೈಸೂರಿನಲ್ಲಿ ಇರುವವನು. ಡಾಕ್ಟರ್ ಅಲ್ಲ. ಆಸ್ಪತ್ರೆ ಓಡಾಟದಲ್ಲಿ ಜೊತೆಗಿದ್ದೆ, ಬಿಲ್ಲುಗಳ ಜೆರಾಕ್ಸ್ ನನ್ನ ಹತ್ತಿರ ಇದೆ. ಹೆಸರು ಹಾಕಬೇಡ, ಮಿಕ್ಕಿದ್ದು ಬರಿ ಅಂತ ಮನೆಯವರೇ ಹೇಳಿದ್ದಾರೆ.

ಕಾಯಿಲೆ

ಮೊದಲು ಕಂಡದ್ದು ಬಾಯಾರಿಕೆ. ಜೂಲಿ ಜಾಸ್ತಿ ನೀರು ಕುಡಿಯುತ್ತಿತ್ತು. ಆದರೆ ಹಸುವಿನ ತೊಟ್ಟಿಗೇ ಅದೂ ಬಾಯಿ ಹಾಕುವುದರಿಂದ ಎಷ್ಟು ಕುಡಿಯಿತು ಅಂತ ಯಾರ ಗಮನಕ್ಕೂ ಬರಲಿಲ್ಲ. ನಾಯಿ ದಿನಕ್ಕೆ ಕಿಲೋ ತೂಕಕ್ಕೆ 100 ಎಂ.ಎಲ್. ಮೀರಿ ಕುಡಿದರೆ ಏನೋ ಸರಿಯಿಲ್ಲ ಅಂತಲೇ ಲೆಕ್ಕ. ಜೂಲಿಗೆ ಅದು ಮೂರು ಲೀಟರ್ ಆಗುತ್ತದೆ. ಆಮೇಲೆ ರಾತ್ರಿ ಹೊತ್ತು ಜಗಲಿ ಮೇಲೇ ಉಚ್ಚೆ ಮಾಡತೊಡಗಿತು. ಊಟ ಬಿಟ್ಟಿತು, ವಾಂತಿ ಆಯಿತು. ಹತ್ತಿರದ ಡಾಕ್ಟರು ಬಂದು ನೋಡಿ, ಹೊಟ್ಟೆ ಕೆಟ್ಟಿರಬಹುದು ಅಂತ ಇಂಜೆಕ್ಷನ್ ಕೊಟ್ಟರು. ಮರುದಿನ ಸ್ವಲ್ಪ ಗೆಲುವಾಯಿತು. ಅದರ ಮರುದಿನ ಎದ್ದು ನಿಲ್ಲಲೂ ಇಲ್ಲ. ಎರಡು ವಿಸಿಟ್, ಔಷಧಿ ಸೇರಿ ಆಗ 1,900 ರೂಪಾಯಿ ಆಗಿತ್ತು.

ಆ ಡಾಕ್ಟರನ್ನು ದೂರಲು ಕಾರಣ ಇಲ್ಲ. ಅವರಿಗೆ ಎರಡು ವಿಷಯ ಯಾರೂ ಹೇಳಿರಲೇ ಇಲ್ಲ. ಒಂದು, ಜೂಲಿ ಬೆದೆಗೆ ಬಂದು ಹೋಗಿ ಒಂದೂವರೆ ತಿಂಗಳಾಗಿತ್ತು. ಇನ್ನೊಂದು, ಹಿಂದಿನ ವರ್ಷ ಬೆದೆ ಹೊತ್ತಲ್ಲಿ ಊರಿನ ಗಂಡು ನಾಯಿಗಳೆಲ್ಲ ಅಂಗಳದಲ್ಲಿ ಜಮಾಯಿಸಿ ರಂಪ ಆದಾಗ, ಯಾರದೋ ಮಾತು ಕೇಳಿ ಬೆದೆ ತಡೆಯುವ ಇಂಜೆಕ್ಷನ್ ಹಾಕಿಸಿದ್ದರು.

ಮೈಸೂರಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮೇಡಂ ಮೊದಲು ಕೇಳಿದ್ದೇ ಬೆದೆ ಯಾವಾಗ ಆಗಿತ್ತು ಅಂತ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿ ಇರುತ್ತದೆ, ಗಬ್ಬ ನಿಂತಿರಲಿ ಬಿಡಲಿ. ಅದರಿಂದ ಗರ್ಭಕೋಶದ ಒಳಪದರ ದಪ್ಪ ಆಗುತ್ತದೆ, ಒಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಹೊರಗೆ ತಳ್ಳುವ ಶಕ್ತಿ ಕಡಿಮೆ ಆಗುತ್ತದೆ. ಬೆದೆ ತಡೆಯುವ ಇಂಜೆಕ್ಷನ್ನುಗಳಲ್ಲಿ ಇರುವುದೂ ಇದೇ ಜಾತಿಯ ಹಾರ್ಮೋನು, ಹಾಗಾಗಿ ಅಪಾಯ ಇನ್ನೂ ಏರುತ್ತದೆ. ಬ್ಯಾಕ್ಟೀರಿಯಾದ ವಿಷ ಕಿಡ್ನಿಗೆ ತಾಗಿ, ಉಚ್ಚೆ ಗಟ್ಟಿ ಮಾಡುವ ಕೆಲಸ ಕೆಡುತ್ತದೆ. ಆ ಬಾಯಾರಿಕೆಗೆ ಕಾರಣ ಇದೇ.

ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರುತ್ತದೆ, ಕಾಣುತ್ತದೆ. ಜೂಲಿಯದು ಮುಚ್ಚಿಕೊಂಡಿತ್ತು. ಒಳಗೇ ಒಡೆದರೆ ಹೊಟ್ಟೆಯೆಲ್ಲ ಸೋಂಕು. ಬಿಳಿ ರಕ್ತಕಣ 48,000 ಇತ್ತು. ಇರಬೇಕಾದದ್ದು ಹೆಚ್ಚೆಂದರೆ 17,000. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ 2.3, ಅದು 1.5ರ ಒಳಗಿರಬೇಕು.

ಇಲ್ಲೇ ಇನ್ನೊಂದು ಸಿಕ್ಕಿತು. ಹಿಂದಿನ ಎಡ ಮೊಲೆಯಲ್ಲಿ ಅವರೆಕಾಳಿನಷ್ಟು ಗಂಟು.

ಮುಂದಿದ್ದ ದಾರಿಗಳು

ಅವತ್ತು ಸಂಜೆ ಹೊತ್ತಿಗೆ ಐದು ದಾರಿ ನಮ್ಮ ಮುಂದಿತ್ತು. ರೇಟುಗಳು ನಮಗೆ ಆಗ ಹೇಳಿದ್ದು. ನಿಮ್ಮೂರಲ್ಲಿ ಬೇರೆ ಇರಬಹುದು.

ಆ ಮೈಸೂರಿನ ಕ್ಲಿನಿಕ್ಕಿನಲ್ಲೇ ಆಪರೇಷನ್ ಮಾಡಿಸುವುದು. ಗರ್ಭಕೋಶ, ಅಂಡಾಶಯ ಎರಡೂ ತೆಗೆಯುತ್ತಾರೆ. ಗ್ಯಾಸ್ ಅರಿವಳಿಕೆ, ಬಿ.ಪಿ. ನೋಡುವ ಮಿಷನ್, ರಾತ್ರಿ ನೋಡಿಕೊಳ್ಳಲು ಜನ. ಆಪರೇಷನ್‌ಗೆ 27,000, ಒಳಗಿಟ್ಟುಕೊಂಡರೆ ದಿನಕ್ಕೆ 1,800. ಮೇಡಂ ಒಂದೇ ಮಾತಲ್ಲಿ ಹೇಳಿದರು: "ಮೂವತ್ತೈದು ಅಂದುಕೊಂಡು ಬನ್ನಿ ಯಜಮಾನ್ರೇ."

ಮಂಡ್ಯದಲ್ಲಿ ಇನ್ನೊಬ್ಬ ಡಾಕ್ಟರು 14,000ಕ್ಕೆ ಮಾಡುತ್ತೇನೆ ಅಂದರು. ಇಂಜೆಕ್ಷನ್ ಅರಿವಳಿಕೆ, ಸಂಜೆಗೆ ಮನೆಗೆ ಕರೆದುಕೊಂಡು ಹೋಗಬೇಕು.

ಮೂರನೆಯದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆ. ಸರ್ಕಾರಿ ಕಾಲೇಜು, ಫೀಸು ಖಾಸಗಿಗಿಂತ ಎಷ್ಟೋ ಕಡಿಮೆ, ಕಷ್ಟದ ಕೇಸು ನೋಡಿ ಕೈ ಪಳಗಿದವರಿದ್ದಾರೆ. ಆದರೆ ಇಲ್ಲಿಂದ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಗಾಡಿ ಬಾಡಿಗೆ, ಇಬ್ಬರು ಉಳಿಯುವ ಖರ್ಚು, ಮತ್ತೆ ಮತ್ತೆ ತೋರಿಸಲು ಓಡಾಟ. ಹಾಸನದಲ್ಲೂ ಒಂದು ಕಾಲೇಜಿದೆ, ಅದೂ ಹತ್ತಿರ ಏನಲ್ಲ. ಎರಡು ದಿನ ಟೈಮ್ ಇರುವ ಕಾಯಿಲೆ ಆಗಿದ್ದರೆ ನಾನು ಹೆಬ್ಬಾಳಕ್ಕೇ ಹೋಗಿ ಅನ್ನುತ್ತಿದ್ದೆ.

ನಾಲ್ಕನೆಯದು ಬರೀ ಔಷಧಿ. ಗರ್ಭಕೋಶ ಹಿಂಡುವ ಇಂಜೆಕ್ಷನ್, ಜೊತೆಗೆ ಆಂಟಿಬಯೋಟಿಕ್. ಏಳೆಂಟು ಸಾವಿರಕ್ಕೆ ಮುಗಿಯುತ್ತಿತ್ತು. ಮುಂದೆ ಮರಿ ಬೇಕು ಅನ್ನುವ ಚಿಕ್ಕ ವಯಸ್ಸಿನ ನಾಯಿಗೆ, ಅದೂ ಬಾಯಿ ತೆರೆದಿದ್ದರೆ, ಇದನ್ನು ಯೋಚಿಸುತ್ತಾರೆ. ಬಾಯಿ ಮುಚ್ಚಿರುವಾಗ ಹಿಂಡಿದರೆ ಒಳಗೇ ಒಡೆಯುವ ಭಯ. ವಾಸಿಯಾದರೂ ಮುಂದಿನ ಬೆದೆಗೆ ಮತ್ತೆ ಬರಬಹುದು. ಕೇಳಲು ಇದು ಅಗ್ಗ, ಜೂಲಿಯ ಮಟ್ಟಿಗೆ ದುಡ್ಡೂ ಹೋಗಿ ನಾಯಿಯೂ ಹೋಗುವ ದಾರಿ.

ಕೊನೆಯದು ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದು. 3,000 ರೂಪಾಯಿ. ಡಾಕ್ಟರ್ ಮೇಡಂ ಇದನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು, ಅದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಕೈಯಲ್ಲಿ ದುಡ್ಡು ಇಲ್ಲದವರಿಗೆ ಇದು ನಾಚಿಕೆಯ ದಾರಿ ಅಲ್ಲ. ಏನೂ ಮಾಡದೆ ಕೊಟ್ಟಿಗೆ ಮೂಲೆಯಲ್ಲಿ ಮಲಗಿಸಿ, ಕೀವು ಒಡೆದು ನರಳಿ ಸಾಯಲು ಬಿಡುವುದಕ್ಕಿಂತ ಸಾವಿರ ಪಾಲು ಮೇಲು.

ಆರನೇ ದಾರಿಯೊಂದನ್ನು ಚಿಕ್ಕಪ್ಪ ಹೇಳಿದರು. ಹೈವೇ ಡಾಬಾ ಹತ್ತಿರ ಬಿಟ್ಟು ಬನ್ನಿ, ಯಾರಾದರೂ ನೋಡಿಕೊಳ್ಳುತ್ತಾರೆ ಅಂತ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಅದನ್ನು ಹೇಳುವ ಮೊದಲೇ ಅವ್ವ ಚಿಕ್ಕಪ್ಪನ ಬಾಯಿ ಮುಚ್ಚಿಸಿದ್ದರು.

ಹಸುವಿನ ಲೆಕ್ಕ, ನಾಯಿಯ ಲೆಕ್ಕ

ರಾತ್ರಿ ಮನೆಯಲ್ಲಿ ಮಾತು ಶುರುವಾಯಿತು. ಮಗ, ಸೊಸೆ ಫೋನಿನಲ್ಲಿ. ಸ್ಪೀಕರ್ ಹಾಕಿ ಫೋನನ್ನು ಟಿ.ವಿ. ಸ್ಟ್ಯಾಂಡ್ ಮೇಲೆ ಇಟ್ಟಿದ್ದರು.

ಅಪ್ಪನಿಗೆ ಪ್ರಾಣಿಗೆ ಖರ್ಚು ಮಾಡುವುದು ಹೊಸದಲ್ಲ. ಹಿಂದಿನ ವರ್ಷ ಒಂದು ಹಸುವಿಗೆ ಕೆಚ್ಚಲು ಬಾವು ಬಂದು ಒಂಬತ್ತು ಸಾವಿರ ಖರ್ಚು ಮಾಡಿದ್ದರು. ಆಗ ಅವರು ಯಾರನ್ನೂ ಕೇಳಲಿಲ್ಲ. ಹಸುವಿಗೆ ಬೆಲೆ ಇದೆ, ಸಂತೆಗೆ ಹೊಡೆದರೆ ಎಪ್ಪತ್ತು ಸಾವಿರ. ಹೊತ್ತಿಗೆ ಐದಾರು ಲೀಟರ್ ಡೈರಿಗೆ ಹಾಕುತ್ತದೆ. ಕಿವಿಗೆ ಓಲೆ ಹೊಡೆಸಿ ಇನ್ಶೂರೆನ್ಸ್ ಮಾಡಿಸಿದ್ದಾರೆ. ಎಲ್ಲಿವರೆಗೆ ಖರ್ಚು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಂಡ್ಯದ ಯಾವ ರೈತನಿಗಾದರೂ ನಿದ್ದೆಯಲ್ಲೂ ಗೊತ್ತು. ಎಂಟು ವರ್ಷದ, ಆಪರೇಷನ್ ಆಗಬೇಕಾದ ಲ್ಯಾಬ್‌ಗೆ ಸಂತೆಯಲ್ಲಿ ಬೆಲೆ ಇಲ್ಲ.

"ಹಸಕ್ಕಾದ್ರೆ ಹಾಲು ಕೊಡ್ತದೆ ಕಣ್ ಮಗ. ಇದುಕ್ಕೆ ಮೂವತ್ತೈದ್ ಸಾವ್ರ ಅಂದ್ರೆ ಯಾವ ಬಾಬ್ತಲ್ಲಿ ಬರ್ಕೊಳದು?" ಅಂದರು ಅಪ್ಪ.

ಮಗ ಅಂದ: "ಅಪ್ಪ, ದುಡ್ಡಿನ ಮಾತು ಬಿಡು. ಎಷ್ಟಾದ್ರೂ ಆಗ್ಲಿ, ನಾನು ಕಳಿಸ್ತೀನಿ."

ಕೇಳಲು ಚೆನ್ನಾಗಿರುವ ಈ ಮಾತಿನಿಂದಲೇ ಜಗಳ ಹತ್ತಿತು. ಎಷ್ಟಾದರೂ ಆಗಲಿ ಅನ್ನುವವನು ಮೈಸೂರಿನಲ್ಲಿದ್ದಾನೆ. ಆಪರೇಷನ್ ಆದ ನಾಯಿಯನ್ನು ಎತ್ತಿ ಹೊರಗೆ ಕರೆದುಕೊಂಡು ಹೋಗಬೇಕಾದವರು, ಹೊಲಿಗೆ ನೆಕ್ಕದಂತೆ ಕಾಯಬೇಕಾದವರು, ಹೊತ್ತೊತ್ತಿಗೆ ಮಾತ್ರೆ ನುಂಗಿಸಬೇಕಾದವರು ಅರವತ್ತು ದಾಟಿದ ಇಬ್ಬರು. ಕಬ್ಬಿನ ದುಡ್ಡು ಬೇರೆ ಇನ್ನೂ ಬಂದಿರಲಿಲ್ಲ. ಅವ್ವ ನಡುವೆ ಬಾಯಿ ಹಾಕಿ, ಸಂಘದ ಚೀಟಿ ದುಡ್ಡು ಹತ್ತು ಸಾವಿರ ಇದೆ, ಸಾಲದಿದ್ದರೆ ಬಳೆ ಅಡ ಇಡೋಣ ಅಂದರು. ಅದಕ್ಕೆ ಅಪ್ಪ ಇನ್ನೂ ರೇಗಿದರು.

ಸೊಸೆ ತುಂಬ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಕೇಳಿದಳು: "ಮಾವ, ಆಪರೇಷನ್ ಆದ್ಮೇಲೆ ಅದು ಎಷ್ಟು ವರ್ಷ ಇರುತ್ತೆ ಅಂತ ಕೇಳಿದ್ರಾ? ಆ ಗಂಟು ಕ್ಯಾನ್ಸರ್ ಆಗಿದ್ರೆ?"

ಮಗನಿಗೆ ಸಿಟ್ಟು ಬಂತು. ನಿನಗೆ ಅದು ಮನೆಯಲ್ಲಿ ಇದ್ದಾಗಲೂ ಬೇಕಿರಲಿಲ್ಲ ಅಂದುಬಿಟ್ಟ. ಆದರೆ ಆ ರಾತ್ರಿ ಕೇಳಿದ ಪ್ರಶ್ನೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಮಿಕ್ಕವರೆಲ್ಲ ಜೂಲಿ ಮೇಲೆ ಯಾರಿಗೆ ಎಷ್ಟು ಪ್ರೀತಿ ಅಂತ ಅಳೆಯುತ್ತಿದ್ದರು. ಈ ದುಡ್ಡು ಕೊಟ್ಟರೆ ಏನು ಬದಲಾಗುತ್ತದೆ ಅಂತ ಕೇಳಿದವಳು ಅವಳು. ಮನೆಯ ಇ.ಎಂ.ಐ., ಮಗುವಿನ ಖರ್ಚು ಲೆಕ್ಕ ಇಡುವವಳೂ ಅವಳೇ. ಅವರಿಬ್ಬರ ಕೈಯಲ್ಲಿ ಆಗ ಇದ್ದದ್ದು ಒಟ್ಟು 62,000 ಅನ್ನುವುದು ಅವಳಿಗೆ ಗೊತ್ತಿತ್ತು. ಗಂಡನಿಗೆ ಗೊತ್ತಿರಲಿಲ್ಲ.

ಮಗ ಇನ್ನೊಂದು ಲೆಕ್ಕ ಹೇಳಿದ. ಆಗಲೇ ಆದದ್ದೂ ಸೇರಿ ನಲವತ್ತೆರಡು ಸಾವಿರ ಅಂದರೂ ಮೂರು ವರ್ಷ ಬದುಕಿದರೆ ತಿಂಗಳಿಗೆ ಸಾವಿರದ ಇನ್ನೂರು ಅಷ್ಟೇ ಅಲ್ವಾ ಅಂತ. ಈ ಲೆಕ್ಕವನ್ನು ನಾನು ಬೇರೆ ಮನೆಗಳಲ್ಲೂ ಕೇಳಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ದುಡ್ಡು ಹೋಗುವುದು ಒಂದೇ ವಾರದಲ್ಲಿ. ಮೂರು ವರ್ಷ ಅನ್ನುವುದು ಯಾರೂ ಬರೆದುಕೊಟ್ಟದ್ದಲ್ಲ. ಲ್ಯಾಬ್ರಡಾರ್‌ಗಳು ಸಾಮಾನ್ಯವಾಗಿ ಹತ್ತು, ಹನ್ನೆರಡು ವರ್ಷ ಬದುಕುತ್ತವೆ, ಹಾಗಾಗಿ ಮೂರು ವರ್ಷ ಅನ್ನುವುದು ಸುಳ್ಳೇನಲ್ಲ. ಆದರೆ ಖರ್ಚು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿದವರು ಆಮೇಲೆ ಹುಡುಕಿಕೊಳ್ಳುವ ಸಮಾಧಾನ ಅದು.

1,400 ರೂಪಾಯಿಯ ಎಕ್ಸ್‌ರೇ

ಬೆಳಿಗ್ಗೆ ಸೊಸೆಯ ಪ್ರಶ್ನೆಯನ್ನೇ ಡಾಕ್ಟರ್ ಮುಂದೆ ಇಟ್ಟೆವು. ನಾಯಿಗಳ ಮೊಲೆಯ ಗಂಟುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್ ಆಗಿರುತ್ತವೆ. ಹರಡುವುದಾದರೆ ಸಾಮಾನ್ಯವಾಗಿ ಶ್ವಾಸಕೋಶಕ್ಕೆ. ಆಗಲೇ ಹರಡಿದ್ದರೆ ಮೂವತ್ತೈದು ಸಾವಿರದ ಆಪರೇಷನ್ ಮಾಡಿಸಿದರೂ ಸಿಗುವುದು ಕೆಲವು ತಿಂಗಳು ಮಾತ್ರ. ಹರಡಿಲ್ಲ ಅಂದರೆ ಅವರೆಕಾಳಿನಷ್ಟು ಗಂಟು ಅವತ್ತಿನ ತಲೆನೋವೇ ಅಲ್ಲ.

ಎದೆಯ ಎಕ್ಸ್‌ರೇ 1,400 ಆಯಿತು. ಸ್ಕ್ಯಾನಿಗೆ 1,500, ರಕ್ತ ಪರೀಕ್ಷೆಗೆ 1,800, ಕನ್ಸಲ್ಟೇಷನ್ 500. ಒಟ್ಟು 5,200. ಇಡೀ ಪ್ರಕರಣದಲ್ಲಿ ಅತಿ ಸರಿಯಾಗಿ ಖರ್ಚಾದ ದುಡ್ಡು ಆ ಎಕ್ಸ್‌ರೇಯದ್ದು ಅಂತ ನನ್ನ ಅನಿಸಿಕೆ. ಫೋಟೋದಲ್ಲಿ ಏನು ಬಂದರೂ ಮುಂದಿನ ದಾರಿ ಅದರಿಂದಲೇ ತೀರ್ಮಾನ ಆಗುತ್ತಿತ್ತು. ಶ್ವಾಸಕೋಶ ಕ್ಲಿಯರ್ ಇತ್ತು.

ಮೇಡಂ ಇನ್ನೆರಡು ಟೆಸ್ಟ್ ಮಾಡಿಸಬಹುದು ಅಂದರು. ಮಾಡಿಸಿದರೆ ನೀವು ಮಾಡುವ ಕೆಲಸ ಏನಾದರೂ ಬೇರೆ ಆಗುತ್ತಾ ಅಂತ ಕೇಳಿದೆ. ಒಂದು ಕ್ಷಣ ಯೋಚಿಸಿ, ಇಲ್ಲ, ಹೇಗಿದ್ದರೂ ಆಪರೇಷನ್ನೇ ಅಂದರು. ಆ ಎರಡನ್ನೂ ಬಿಟ್ಟೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಳ್ಳೆ ಡಾಕ್ಟರು ಈ ಪ್ರಶ್ನೆಗೆ ಬೇಜಾರಾಗುವುದಿಲ್ಲ.

ಈಗ ಉಳಿದದ್ದು 14,000ವೋ 35,000ವೋ. ಜನ ಇಲ್ಲಿ ಕಡಿಮೆ ರೇಟಿನವರನ್ನು ಹೀಗಳೆದುಬಿಡುತ್ತಾರೆ. ಅದು ತಪ್ಪು. ಕಿಡ್ನಿ ಚೆನ್ನಾಗಿರುವ, ನಡೆದಾಡುತ್ತಿರುವ ನಾಯಿ ಆಗಿದ್ದರೆ, ಕೈಯಲ್ಲಿ ಹದಿನೈದೇ ಸಾವಿರ ಇದ್ದರೆ, ಮಂಡ್ಯದ ಆಪರೇಷನ್ನೇ ಸರಿ ಅಂತ ನಾನು ಹೇಳುತ್ತಿದ್ದೆ. ಸಾಲ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗುವುದಕ್ಕಿಂತ ಅದು ಮೇಲು. ಇಲ್ಲಿ ತಕ್ಕಡಿ ವಾಲಿಸಿದ್ದು ಕ್ರಿಯಾಟಿನಿನ್. ಕಿಡ್ನಿ ಸೋತಿರುವಾಗ ಅರಿವಳಿಕೆಯಲ್ಲಿ ಬಿ.ಪಿ. ಇಳಿದರೆ ಇನ್ನಷ್ಟು ಪೆಟ್ಟು. ಆಪರೇಷನ್ ಆದ ಮೇಲೂ ಡ್ರಿಪ್ ಬಿಡದೆ ನಡೆಯಬೇಕು. ಇಪ್ಪತ್ತೊಂದು ಸಾವಿರ ಜಾಸ್ತಿ ಕೊಟ್ಟು ಕೊಂಡದ್ದು ಆ ನಿಗಾವನ್ನು. ಮಂಡ್ಯದ ಡಾಕ್ಟರೂ ರಿಪೋರ್ಟ್ ನೋಡಿ, ಇದನ್ನು ರಾತ್ರಿ ಇಟ್ಟುಕೊಳ್ಳುವ ಕಡೆಗೇ ಕರೆದುಕೊಂಡು ಹೋಗಿ ಅಂದರು.

ಮಿತಿ ಹಾಕಿದ್ದು

ಸಹಿ ಹಾಕುವ ಮೊದಲು ಅಪ್ಪ, ಮಗ ಕ್ಲಿನಿಕ್ಕಿನ ಹೊರಗಡೆ ಟೀ ಅಂಗಡಿಯಲ್ಲಿ ಕೂತು ಮಾತಾಡಿದರು. ಮಗ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಮುಂದಕ್ಕೆ ಆಗುವ ಖರ್ಚಿಗೆ 35,000 ಮಿತಿ ಅಂತಾಯಿತು. ಮೂವತ್ತು ಮಗನದ್ದು, ಐದು ಅಪ್ಪನದ್ದು. ಐದು ಸಾವಿರ ಕೊಡುವುದು ಅಪ್ಪನ ಹಟ. ದುಡ್ಡೆಲ್ಲ ಮಗನದ್ದೇ ಆದರೆ ನಿಲ್ಲಿಸಿ ಅನ್ನುವ ಹಕ್ಕು ತನಗಿರುವುದಿಲ್ಲ ಅಂತ ಅವರಿಗೆ ಅನಿಸಿತ್ತು. ಅವ್ವನ ಚೀಟಿ ದುಡ್ಡು, ಬಳೆ ಎರಡನ್ನೂ ಮುಟ್ಟುವುದಿಲ್ಲ ಅಂತಲೂ ಮಾತಾಯಿತು. ಇದು ಸರಿಯಾದ ತೀರ್ಮಾನ. ಒಡವೆ ಅಡ ಇಟ್ಟರೆ ಬಡ್ಡಿ ಕಟ್ಟುವುದು ನಾಯಿ ಉಳಿದರೂ ಇದೆ, ಹೋದರೂ ಇದೆ.

ಆಮೇಲೆ ಮೇಡಂ ಜೊತೆ ಕಷ್ಟದ ಮಾತು. ಹೊಟ್ಟೆ ತೆರೆದಾಗ ಗರ್ಭಕೋಶ ಆಗಲೇ ಒಡೆದಿದ್ದರೆ ಏನು ಮಾಡುವುದು? ಟೇಬಲ್ ಮೇಲಿಂದ ಫೋನ್ ಬಂದಾಗ ಯೋಚಿಸಲು ಟೈಮ್ ಇರುವುದಿಲ್ಲ, ಆಗ ಯಾರಾದರೂ ಹ್ಞೂಂ ಅಂದೇ ಅನ್ನುತ್ತಾರೆ. ಮಗನಿಗೆ ಬಾಯಿ ಬರಲಿಲ್ಲ. ಅಪ್ಪನೇ ಹೇಳಿದರು: "ಒಡ್ದೋಗಿ, ಉಳಿಯಾಕಿಲ್ಲ ಅಂತ ನಿಮ್ಗನ್ಸುದ್ರೆ ಏಳುಸ್ಬ್ಯಾಡಿ ಡಾಕ್ಟ್ರೇ. ಅಂಗೇ ಮಲಿಕಳ್ಲಿ." ಮೇಡಂ ಅದನ್ನು ಒಪ್ಪಿಗೆ ಪತ್ರದ ಕೆಳಗೆ ಬರೆದುಕೊಂಡರು. ಗಂಟಿಗೆ ಇವತ್ತು ಕೈ ಹಾಕುವುದು ಬೇಡ ಅಂತಲೂ ಬರೆದರು. ಸುಸ್ತಾದ ನಾಯಿಯನ್ನು ಟೇಬಲ್ ಮೇಲೆ ಜಾಸ್ತಿ ಹೊತ್ತು ಇಡಬಾರದು ಅನ್ನುವುದು ಅವರದೇ ಮಾತು.

ಗರ್ಭಕೋಶ ಒಡೆದಿರಲಿಲ್ಲ. ಆಪರೇಷನ್ ಸುಸೂತ್ರ ಆಯಿತು. ಈ ಕಾಯಿಲೆಯಲ್ಲಿ ಸಮಯಕ್ಕೆ ಆಪರೇಷನ್ ಆದ ನಾಯಿಗಳಲ್ಲಿ ಬಹುಪಾಲು ಉಳಿಯುತ್ತವೆ.

ಮಿತಿ ಮುಟ್ಟಿದಾಗ

ನಿಜವಾದ ಪರೀಕ್ಷೆ ಬಂದದ್ದು ಆಪರೇಷನ್ನಿನ ಎರಡು ದಿನ ಆದ ಮೇಲೆ. ಕ್ರಿಯಾಟಿನಿನ್ 1.9ಕ್ಕೆ ಇಳಿದಿತ್ತು, ಪೂರ್ತಿ ಸರಿ ಆಗಿರಲಿಲ್ಲ. ಜೂಲಿ ಊಟ ಮೂಸಿ ನೋಡಿ ಸುಮ್ಮನಾಗುತ್ತಿತ್ತು. ಇನ್ನೆರಡು ದಿನ ಇರಲಿ ಅಂದರು. ಅಷ್ಟು ಹೊತ್ತಿಗೆ ಆಪರೇಷನ್ 27,000, ಎರಡು ದಿನದ 3,600, ಮತ್ತೆ ಮಾಡಿದ ರಕ್ತ ಪರೀಕ್ಷೆ 1,200, ಬದಲಿಸಿದ ಆಂಟಿಬಯೋಟಿಕ್ 1,900, ಒಟ್ಟು 33,700 ಆಗಿತ್ತು. ಇನ್ನೆರಡು ದಿನ ಅಂದರೆ ಔಷಧಿ ಸೇರಿ 5,600. ಮಿತಿ ದಾಟುತ್ತದೆ.

ಮಗ ಇಷ್ಟು ಮಾಡಿದ್ದೀವಿ, ಇನ್ನೈದು ಸಾವಿರಕ್ಕೆ ಯಾಕೆ ಹಿಂದೆ ಮುಂದೆ ನೋಡುವುದು ಅಂದ. ಈ ಮಾತು ಎಲ್ಲ ಆಸ್ಪತ್ರೆ ಕಾರಿಡಾರಿನಲ್ಲೂ ಕೇಳುತ್ತದೆ. ಇಷ್ಟು ಮಾಡಿದ್ದೀವಿ ಅನ್ನುವುದು ಮುಂದಿನ ಖರ್ಚಿಗೆ ಕಾರಣ ಆಗಬಾರದು. ಹೋದ ದುಡ್ಡು ಹೋಯಿತು. ಮುಂದಿನ ಐದು ಸಾವಿರ ಏನು ಕೊಡುತ್ತದೆ ಅಂತ ಮಾತ್ರ ನೋಡಬೇಕು.

ಅಪ್ಪ ಅದನ್ನೇ ಕೇಳಿದರು, ಅವರದೇ ಧಾಟಿಯಲ್ಲಿ. ಇಲ್ಲಿ ಇದ್ದರೆ ಏನು ಮಾಡುತ್ತೀರಿ? ಡ್ರಿಪ್, ಇಂಜೆಕ್ಷನ್, ನಿಗಾ. ಡ್ರಿಪ್ಪನ್ನು ಮನೆಯಲ್ಲಿ ಹಾಕಬಹುದಾ? ಹಸುಗಳಿಗೆ ಬಾಟ್ಲಿ ಕಟ್ಟಿ ನಿಂತು ಅವರಿಗೆ ಅಭ್ಯಾಸ ಇದೆ. ಮೇಡಂ ಜೂಲಿಯನ್ನು ಮತ್ತೊಮ್ಮೆ ನೋಡಿದರು. ವಾಂತಿ ನಿಂತಿದೆ, ಜ್ವರ ಇಲ್ಲ, ಉಚ್ಚೆ ಸರಿಯಾಗಿ ಬರುತ್ತಿದೆ. ಡ್ರಿಪ್ ಹಾಕಲು ಕಾಲಿಗೆ ಚುಚ್ಚಿದ್ದ ಕೊಳವೆ, ಅಂದರೆ ಕ್ಯಾನುಲಾ ತೆಗೆಯದೆ, ಯಾವ ಬಾಟ್ಲಿ, ಎಷ್ಟು ಹೊತ್ತಿಗೆ ಎಷ್ಟು ಅಂತ ಚೀಟಿ ಬರೆದು ಕಳಿಸಿದರು. ಉಚ್ಚೆ ನಿಂತರೆ, ಮತ್ತೆ ವಾಂತಿ ಆದರೆ ತಕ್ಷಣ ಕರೆತರಬೇಕು ಅಂತ ಷರತ್ತು. ಮನೆಯಲ್ಲಿ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ ಅಂತ ಎರಡೆರಡು ಸಲ ಹೇಳಿದರು. ಬ್ರೂಫೆನ್ ಥರದ್ದು ನಾಯಿಯ ಕಿಡ್ನಿಗೆ ವಿಷ. ಪಕ್ಕದ ಮನೆಯವರು ಅದನ್ನೇ ತಂದುಕೊಟ್ಟರು, ಪಾಪ, ಒಳ್ಳೆ ಮನಸ್ಸಿನಿಂದಲೇ.

ಮೊದಲು ನೋಡಿದ್ದ ಆ ಹತ್ತಿರದ ಡಾಕ್ಟರೇ ಮೂರು ದಿನ ಮನೆಗೆ ಬಂದು ಡ್ರಿಪ್ ಹಾಕಿದರು. ಬಾಟ್ಲಿ, ವಿಸಿಟ್ ಎಲ್ಲ ಸೇರಿ 2,100. ಮಿತಿ ದಾಟಿದ್ದು 800 ರೂಪಾಯಿ. ಮೂರನೇ ದಿನ ಅವ್ವನ ಕೈಯಿಂದ ಮೊಸರನ್ನ ತಿಂದಿತು. ಆಮೇಲೆ ಮಾಡಿಸಿದ ಕ್ರಿಯಾಟಿನಿನ್ ಟೆಸ್ಟಿಗೆ 600, ಹೊಲಿಗೆ ಬಿಚ್ಚಲು 500. ರಿಪೋರ್ಟಿನಲ್ಲಿ 1.4 ಬಂತು.

ಎಲ್ಲ ಸೇರಿ 44,000. ಗಾಡಿ ಬಾಡಿಗೆ ಬೇರೆ.

ಮೊದಲೇ ಆಪರೇಷನ್ ಮಾಡಿಸಿದ್ದರೆ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಗರ್ಭಕೋಶ ತೆಗೆದಿದ್ದರೆ ಇದು ಬರುತ್ತಲೇ ಇರಲಿಲ್ಲ, ಖರ್ಚೂ ಇದರ ಕಾಲು ಭಾಗ ಆಗುತ್ತಿತ್ತು. ಸ್ವೀಡನ್ನಿನಲ್ಲಿ ಹೆಣ್ಣು ನಾಯಿಗಳಿಗೆ ಈ ಆಪರೇಷನ್ ಮಾಡಿಸುವ ರೂಢಿ ಕಡಿಮೆ. ಅಲ್ಲಿನ ವಿಮೆ ದಾಖಲೆ ನೋಡಿದಾಗ ಹತ್ತು ವರ್ಷ ತುಂಬುವ ಮೊದಲು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ನಾಯಿಗೆ ಪಯೋಮೆಟ್ರಾ ಬಂದಿತ್ತು. ಮಗನಿಗೆ ಮರಿ ಹಾಕಿಸುವ ಆಸೆ ಇತ್ತು, ಆಮೇಲೆ ಮರೆತುಹೋಯಿತು. ವಿಮೆಯ ಮಾತೂ ಬಂತು. ನಮ್ಮಲ್ಲೂ ನಾಯಿಗೆ ವಿಮೆ ಕೊಡುವ ಕಂಪನಿಗಳಿವೆ, ಆದರೆ ವಯಸ್ಸಿನ ಮಿತಿ ಇರುತ್ತದೆ, ಆಗಲೇ ಇರುವ ಕಾಯಿಲೆಗೆ ದುಡ್ಡು ಬರುವುದಿಲ್ಲ. ಎಂಟು ವರ್ಷದ, ಗಂಟಿರುವ ನಾಯಿಗೆ ಅದನ್ನು ಹುಡುಕುವುದು ಸುಮ್ನೆ ಹೊತ್ತು ಕಳೆಯುವುದು. ಅದರ ಬದಲು ಸೊಸೆ ಈಗ ತಿಂಗಳಿಗೆ ಸಾವಿರದಂತೆ ಬೇರೆ ಖಾತೆಗೆ ಹಾಕುತ್ತಿದ್ದಾಳೆ. ಅದು ಜೂಲಿ ಖಾತೆ. ಅದರಲ್ಲಿ ಇರುವಷ್ಟೇ ಮುಂದಿನ ಮಿತಿ.

ಮುಂದಿನದು ಆ ಗಂಟು. ಸಣ್ಣದಿರುವಾಗಲೇ ತೆಗೆದು ಪರೀಕ್ಷೆಗೆ ಕಳಿಸಿದರೆ ಹನ್ನೆರಡು ಸಾವಿರ ಆಗುತ್ತದೆ ಅಂತ ಮೇಡಂ ಹೇಳಿದ್ದಾರೆ. ಮೊಲೆಯ ಗಂಟು ಮೂರು ಸೆಂಟಿಮೀಟರ್ ಒಳಗಿದ್ದಾಗ ತೆಗೆದರೆ ಫಲ ಚೆನ್ನಾಗಿರುತ್ತದೆ. ಅಪ್ಪ ತಿಂಗಳಿಗೊಮ್ಮೆ ದಾರ ಸುತ್ತಿ ಅಳತೆ ನೋಡುತ್ತಾರೆ. ಮನೆಯಲ್ಲಿ ಈಗ ಮಾತಾಗಿರುವುದು ಇಷ್ಟು: ಅಡಿಕೆ ಗಾತ್ರ ಆದರೆ ಮೊದಲು ಎಕ್ಸ್‌ರೇ. ಶ್ವಾಸಕೋಶ ಕ್ಲಿಯರ್ ಇದ್ದರೆ ಆಪರೇಷನ್. ಅಲ್ಲಿ ಚುಕ್ಕೆ ಕಂಡರೆ ಆಪರೇಷನ್ ಇಲ್ಲ, ನೋವಿಗೆ ಔಷಧಿ ಮಾತ್ರ, ಊಟ ಬಿಟ್ಟ ದಿನ ಡಾಕ್ಟರನ್ನು ಮನೆಗೆ ಕರೆಸುವುದು. ಮಗನೂ ಇದಕ್ಕೆ ಒಪ್ಪಿದ್ದಾನೆ.

ಅಡಿಕೆ ಗಾತ್ರದವರೆಗೆ ಕಾಯುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಖಾತೆಯಲ್ಲಿ ಹನ್ನೆರಡು ಸಾವಿರ ತುಂಬಿದ ತಿಂಗಳೇ ತೆಗೆಸಿಬಿಡಿ ಅಂತ ಹೇಳಿದ್ದೇನೆ. ಕಬ್ಬು ಕಡಿದ ಮೇಲೆ ನೋಡೋಣ ಅಂದಿದ್ದಾರೆ.